ಹೆರಿಗೆ ಡಾಕ್ಟರನ್ನು ಹುಡುಕುವುದು ಯಾವಾಗ?



ನಾನು ಶಾಲೆಯಲ್ಲಿ ಉರ್ದು, ಕನ್ನಡ ಎರಡನ್ನೂ ಕಲಿಸುವವಳು, ಡಾಕ್ಟರಲ್ಲ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಭಾಭಿಗೆ ನೋವು ಶುರುವಾಯಿತು, ರಕ್ತವೂ ಹೋಗತೊಡಗಿತು. ಆಗ ನಾವು ಡಾಕ್ಟರನ್ನು ಹುಡುಕಲು ಹೊರಟೆವು. ಒಂಬತ್ತು ತಿಂಗಳು ಸುಮ್ಮನಿದ್ದವರು! ‘ಲೇಡಿ ಡಾಕ್ಟರ್’ ಎಂಬ ಬೋರ್ಡ್ ನೋಡಿ ಒಂದು ಕಡೆ ಗಾಡಿ ನಿಲ್ಲಿಸಿದೆವು. ಅಲ್ಲಿ ಒಂದು ತಾಸು ಹೋಯಿತು. ಆಮೇಲೆ, ಇಲ್ಲಿ ಆಪರೇಷನ್ ಆಗುವುದಿಲ್ಲ, ಕಲಬುರಗಿಗೆ ಒಯ್ಯಿರಿ ಎಂದರು. ಭಾಭಿ ಉಳಿದರು, ಮಗು ಉಳಿಯಲಿಲ್ಲ. ಮನೆಗೆ ಮರಳುವಾಗ ಆ ಬೋರ್ಡನ್ನು ಮತ್ತೊಮ್ಮೆ ನೋಡಿದೆ. ಹೆಸರಿನ ಮುಂದೆ ಹೆರಿಗೆ ತಜ್ಞರ ಡಿಗ್ರಿ ಇರಲೇ ಇಲ್ಲ. ಓದಲು ಕಲಿಸುವುದೇ ನನ್ನ ಕಸುಬು. ಆ ರಾತ್ರಿ ನಾನೇ ಓದಲಿಲ್ಲ.

ಪ್ರಸೂತಿ ತಜ್ಞರೆಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಅದೇ ವಿಷಯದಲ್ಲಿ ಎಂ.ಎಸ್., ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಜಿ.ಒ. ಮಾಡಿದವರು. ‘ಲೇಡಿ ಡಾಕ್ಟರ್’ ಎಂಬುದು ಡಿಗ್ರಿಯಲ್ಲ. ಡಿಗ್ರಿ ನೋಡಿದರಷ್ಟೇ ಸಾಲದು, ಬಾಯಿಬಿಟ್ಟು ಕೇಳಬೇಕು. ರಾತ್ರಿ ಹೊತ್ತು ಡಾಕ್ಟರ್ ಬರುತ್ತಾರೆಯೇ? ಸಿಸೇರಿಯನ್ ಇಲ್ಲೇ ಆಗುತ್ತದೆಯೇ, ಅರಿವಳಿಕೆ ಕೊಡುವವರು ಇದ್ದಾರೆಯೇ? ರಕ್ತ ಬೇಕಾದರೆ ಎಲ್ಲಿಂದ ತರುತ್ತೀರಿ? ಹೀಗೆ ಕೇಳಿದರೆ ಡಾಕ್ಟರ್ ಸಿಟ್ಟಾಗುತ್ತಾರೆಂದು ನಾವು ಸಂಕೋಚಪಡುತ್ತೇವೆ. ಒಂದು ಎಮ್ಮೆ ಕೊಳ್ಳುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇವಲ್ಲ?

ಮಣ್ಣೂರ ಕಡೆಯವರಿಗೆ ಮೊದಲು ಸಿಗುವ ದೊಡ್ಡ ಆಸ್ಪತ್ರೆ ಅಫಜಲಪುರದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಕಲಬುರಗಿಯೇ ಗತಿ. ಕಲಬುರಗಿಯಲ್ಲಿ ಸರ್ಕಾರದ ಜಿಮ್ಸ್ ಇದೆ; ಖಾಜಾ ಬಂದಾನವಾಜ್, ಬಸವೇಶ್ವರ ಆಸ್ಪತ್ರೆಗಳಿವೆ. ಕೆಲವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಎಲ್ಲಿಗೆ ಹೋಗುವುದೆಂದು ಏಳನೇ ತಿಂಗಳೊಳಗೆ ಮನೆಯಲ್ಲಿ ಕೂತು ತೀರ್ಮಾನಿಸಿರಿ. ಹೆರಿಗೆಯ ದಿನ ಮಳೆಗಾಲದಲ್ಲಿ ಬಿದ್ದರೆ ಹೊಳೆಯ ಲೆಕ್ಕವನ್ನೂ ಹಿಡಿಯಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ನದಿದಂಡೆಯ ಹಳ್ಳಿಗಳ ಪಾಡು ನೋಡಿದ್ದೀರಿ.

ಇನ್ನೊಂದು ಮಾತು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಆರು ತಿಂಗಳು ನೋಡಿದ ಡಾಕ್ಟರ್ ಗಂಡನ ಊರಲ್ಲೇ ಉಳಿಯುತ್ತಾರೆ. ಆಕೆ ಸೀರೆ ತರುತ್ತಾಳೆ, ಬಳೆ ತರುತ್ತಾಳೆ, ಸ್ಕ್ಯಾನಿಂಗ್ ರಿಪೋರ್ಟ್ ಮಾತ್ರ ಅತ್ತೆಮನೆಯ ಕಪಾಟಿನಲ್ಲಿರುತ್ತದೆ. ತವರಿನವರು ಆಕೆ ಬರುವ ಮೊದಲೇ ಡಾಕ್ಟರನ್ನು ಗೊತ್ತುಮಾಡಿ, ಬಂದ ವಾರದಲ್ಲೇ ಕಾಗದಪತ್ರಗಳ ಸಮೇತ ತೋರಿಸಬೇಕು.

ಹೆಣ್ಣು ಡಾಕ್ಟರೇ ಬೇಕೆಂಬುದು ನಮ್ಮ ಮನೆಗಳ ಆಸೆ. ತಪ್ಪೇನಿಲ್ಲ, ನನಗೂ ಹಾಗೇ ಅನಿಸುತ್ತದೆ. ಅದಕ್ಕಾಗಿಯೇ ಮೂರನೇ ತಿಂಗಳಿನಿಂದ ಹುಡುಕಬೇಕು. ರಕ್ತ ಹರಿಯುತ್ತಿರುವಾಗ ಗಂಡು ಡಾಕ್ಟರ್ ಬೇಡವೆಂದು ಬಾಗಿಲಲ್ಲಿ ನಿಂತು ವಾದಿಸುವುದನ್ನು ಯಾವ ಧರ್ಮವೂ ಹೇಳಿಲ್ಲ. ಮತ್ತೆ, ಹೆಣ್ಣು ಡಾಕ್ಟರ್ ಬೇಕೆನ್ನುವವರೇ ಮಗಳನ್ನು ಎಸ್ಸೆಸ್ಸೆಲ್ಸಿಗೆ ಬಿಡಿಸಿದರೆ ಡಾಕ್ಟರ್ ಎಲ್ಲಿಂದ ಬರಬೇಕು?

ಹಣದ ಚಿಂತೆ ಇರುವವರಿಗೆ ಹೇಳುತ್ತೇನೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತ. 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವಿಶೇಷ ತಪಾಸಣೆ ಇದೆ. ಗಾಡಿ ಬೇಕಾದರೆ 108. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿದಿದೆ. ಆ 69ರಲ್ಲಿ ನಮ್ಮ ಮನೆಯವರು ಇರಬಾರದು.

ಈಗ ವಿದ್ಯಾರ್ಥಿಗಳಿಗೆ. ಆಶಾ ಕಾರ್ಯಕರ್ತೆ ಕೊಡುವ ತಾಯಿ ಕಾರ್ಡ್ ಕನ್ನಡದಲ್ಲಿರುತ್ತದೆ. ನಮ್ಮ ಎಷ್ಟೋ ತಾಯಂದಿರು ಉರ್ದು ಮಾತ್ರ ಬಲ್ಲರು. ಕಾರ್ಡ್ ಟ್ರಂಕಿನಲ್ಲಿ ಮಡಚಿ ಕೂತಿರುತ್ತದೆ. ನೀವು ಓದಿ ಹೇಳಿರಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತಡಮಾಡದೆ ಆಸ್ಪತ್ರೆ. ಬಿ.ಪಿ. 140/90 ಮುಟ್ಟಿದ್ದರೆ, ವಿಪರೀತ ತಲೆನೋವು, ಕಣ್ಣು ಮಂಜು, ಮುಖದ ಬಾವು, ರಕ್ತಸ್ರಾವ, ಮಗು ಮಿಸುಕಾಡುವುದು ಕಡಿಮೆಯಾದರೆ ಅದೇ ದಿನ ಡಾಕ್ಟರ್ ಬಳಿ ಹೋಗಬೇಕು. ರಕ್ತದ ಗುಂಪನ್ನು ಬೇರೆ ಚೀಟಿಯಲ್ಲಿ ಬರೆದಿಡಿರಿ. ಅದೇ ಗುಂಪಿನ ಇಬ್ಬರನ್ನು ಮೊದಲೇ ಕೇಳಿಟ್ಟಿರಿ.

ಸಭೆ ಮುಗಿದ ಮೇಲೆ ನಾನು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಕಾರ್ಡ್ ತಂದವರು ಬನ್ನಿರಿ, ಓದಿ ಹೇಳುತ್ತೇನೆ. ಭಾಭಿಯೂ ಬಂದಿದ್ದಾರೆ.