ಸೈನಿಕರ ಬೀಳ್ಕೊಡುಗೆಯ ಊಟ



ನಮ್ಮ ಕಡೆಯ ಪಂಕ್ತಿಭೋಜನದಲ್ಲಿ ಹಿರಿಯರು ಆಪೋಶನ ತೆಗೆದುಕೊಳ್ಳುವವರೆಗೆ ಯಾರೂ ಎಲೆಗೆ ಕೈಯಿಡುವುದಿಲ್ಲ. ಅವರು ಉತ್ತರಾಪೋಶನ ಮಾಡುವವರೆಗೆ ಯಾರೂ ಏಳುವುದಿಲ್ಲ. ಅವಸರದವನೂ ಕುಳಿತಿರಬೇಕು, ಹಸಿವು ತೀರದವನೂ ಪಂಕ್ತಿಯೊಡನೆ ಏಳಬೇಕು. ಈ ಕಟ್ಟುಪಾಡನ್ನು ಬಲ್ಲವರಿಗೆ ಸೈನ್ಯಾಧಿಕಾರಿಗಳ ಮೆಸ್ಸಿನ ಊಟವು ಅಷ್ಟೇನೂ ಅಪರಿಚಿತವೆನಿಸಲಾರದು. ಅಲ್ಲಿ ಎಲೆಗೆ ಬದಲು ಬೆಳ್ಳಿಯ ಚಮಚಗಳಿರುವುವು, ಮಂತ್ರಕ್ಕೆ ಬದಲು ಬ್ಯಾಂಡಿನ ವಾದ್ಯವಿರುವುದು. ಶಿಸ್ತು ಮಾತ್ರ ಅದೇ.

ಮೆಸ್ ಎಂಬ ಮಾತು ಹಳೆಯ ಫ್ರೆಂಚ್ ಭಾಷೆಯಿಂದ ಬಂದುದು. ಮೇಜಿನ ಮೇಲೆ ತಂದಿಟ್ಟ ಭಕ್ಷ್ಯವೆಂಬಷ್ಟೇ ಅದರ ಮೊದಲ ಅರ್ಥ. ಬೆಂಗಳೂರು ಮೈಸೂರುಗಳಲ್ಲಿ ಓದಿದವರು ಮೆಸ್ಸೆಂದೊಡನೆ ನೀರು ಸಾರನ್ನೂ ತಿಂಗಳ ಕೊನೆಯ ಲೆಕ್ಕವನ್ನೂ ನೆನೆದುಕೊಳ್ಳುವರು. ಸೈನ್ಯದಲ್ಲಿಯಾದರೋ ಅದು ಮನೆ. ಮದುವೆಯಾಗದ ಕಿರಿಯ ಅಧಿಕಾರಿಯು ಅಲ್ಲಿಯೇ ವಾಸಿಸುವನು. ಮಾತನಾಡುವುದನ್ನೂ ಮಾತನಾಡದಿರುವುದನ್ನೂ ಅವನು ಅಲ್ಲಿಯೇ ಕಲಿಯುವನು. ಆ ಪಡೆಯಿಂದ ವರ್ಗವಾಗಿ ಹೋಗುವವರು ತಮ್ಮ ಹೆಸರನ್ನೂ ಸೇವೆಯ ವರುಷಗಳನ್ನೂ ಕೆತ್ತಿಸಿದ ಬೆಳ್ಳಿಯ ವಸ್ತುವೊಂದನ್ನು ಮೆಸ್ಸಿಗೆ ಕೊಟ್ಟು ಹೋಗುವ ವಾಡಿಕೆಯುಂಟು. ಹಬ್ಬದ ರಾತ್ರಿಗಳಲ್ಲಿ ಈ ಬೆಳ್ಳಿಯೆಲ್ಲ ಪೆಟ್ಟಿಗೆಯಿಂದ ಹೊರಬಂದು ಮೇಜಿನ ಉದ್ದಕ್ಕೂ ಸಾಲಾಗಿ ನಿಲ್ಲುವುದು. ನಿವೃತ್ತರಾದವರು, ಯುದ್ಧದಲ್ಲಿ ಮಡಿದವರು, ಹೆಸರಲ್ಲದೆ ಬೇರೇನೂ ಯಾರ ನೆನಪಿನಲ್ಲಿಯೂ ಉಳಿಯದವರು, ಎಲ್ಲರೂ ಆ ರಾತ್ರಿ ಊಟಕ್ಕೆ ಬಂದಂತೆಯೇ ಸರಿ.

ಹಿರಿಯ ಸೈನಿಕನೊಬ್ಬನು ಸೇವೆಯಿಂದ ಬಿಡುಗಡೆ ಹೊಂದಿ ಹೊರಡುವಾಗ ಇಂತಹ ಮೇಜಿನಲ್ಲಿಯೇ ಆತನಿಗೆ ಕಡೆಯ ಔತಣ ನಡೆಯುವುದು. ಮೊದಲು ಎಲ್ಲರೂ ಹೊರಗಿನ ಕೋಣೆಯಲ್ಲಿ ಸೇರುವರು. ಊಟ ಸಿದ್ಧವೆಂದು ಮೆಸ್ಸಿನ ಹವಾಲ್ದಾರನು ವಂದಿಸಿ ಅರಿಕೆ ಮಾಡಿದ ತರುವಾಯ ಅತಿಥಿಯನ್ನು ಮುಂದಿಟ್ಟುಕೊಂಡು ಒಳಗೆ ಹೋಗುವರು. ಮೇಜಿನ ಒಂದು ಕಡೆ ಅಂದಿನ ಅಧ್ಯಕ್ಷ. ಇನ್ನೊಂದು ತುದಿಯಲ್ಲಿ ಉಪಾಧ್ಯಕ್ಷ. ಈ ಉಪಾಧ್ಯಕ್ಷನು ಬಹುಮಟ್ಟಿಗೆ ಎಲ್ಲರಿಗಿಂತ ಕಿರಿಯನಾಗಿರುವನು. ತಟ್ಟೆಗಳನ್ನು ತೆಗೆದ ಮೇಲೆ ಪೋರ್ಟ್ ಎಂಬ ದ್ರಾಕ್ಷಾರಸದ ಪಾತ್ರೆಯು ಕೈಯಿಂದ ಕೈಗೆ ಎಡಗಡೆಗೇ ಸಾಗಬೇಕು. ಏಕೆಂದು ಕೇಳಿದರೆ ಹತ್ತು ಮಂದಿ ಹತ್ತು ಕಾರಣ ಹೇಳುವರು. ಬಾಳೆಯ ಎಲೆಯ ತುದಿ ಎಡಕ್ಕೇ ಇರಬೇಕೆಂದು ಹಟಹಿಡಿಯುವ ನಾವು ಅವರನ್ನು ಕಂಡು ನಗುವಂತಿಲ್ಲ. ಬಳಿಕ ಎಲ್ಲರೂ ಎದ್ದು ನಿಂತು ಶುಭ ಕೋರಿ ಪಾನಮಾಡುವರು. ಹಿಂದೆ ಅದು ದೊರೆಯ ಹೆಸರಿನಲ್ಲಿ ನಡೆಯುತ್ತಿತ್ತು. 1950ರಲ್ಲಿ ನಮ್ಮದು ಗಣರಾಜ್ಯವಾದಂದಿನಿಂದ ರಾಷ್ಟ್ರಪತಿಗಳ ಹೆಸರಿನಲ್ಲಿ ನಡೆಯುವುದು. ಅದು ಮುಗಿಯುವವರೆಗೆ ಯಾರೂ ಮೇಜನ್ನು ಬಿಟ್ಟು ಹೋಗುವಂತಿಲ್ಲ.

ನಾವು ಒಮ್ಮೆ ಮಿತ್ರರೊಬ್ಬರ ಕೃಪೆಯಿಂದ ಇಂತಹ ಊಟವೊಂದಕ್ಕೆ ಹೋಗಿದ್ದೆವು. ಹೊರಡುವವರು ಮೂವತ್ತು ವರುಷಕ್ಕೂ ಮೇಲ್ಪಟ್ಟು ಸೇವೆ ಮಾಡಿದ ಕರ್ನಲ್ ಒಬ್ಬರು. ಹಿರಿಯ ಅತಿಥಿಯು ಚಮಚವನ್ನು ಕೆಳಗಿಟ್ಟೊಡನೆ ಎಲ್ಲರ ತಟ್ಟೆಗಳೂ ಹೋಗುವುವೆಂಬ ನಿಯಮವನ್ನು ಮಿತ್ರರು ನಮ್ಮ ಕಿವಿಯಲ್ಲಿ ಹೇಳಿದ್ದರು. ಆದುದರಿಂದ ನಾವು, ಸಂಕೋಚ ಬಿಟ್ಟು ಹೇಳುವುದಾದರೆ, ತುಸು ಬೇಗ ಬೇಗನೆ ತಿನ್ನುತ್ತಿದ್ದೆವು. ಮೇಜಿನ ತುದಿಯಲ್ಲಿದ್ದ ಹುಡುಗ ಅಧಿಕಾರಿಯು ಮಾತಿನ ಭರದಲ್ಲಿ ಊಟವನ್ನೇ ಮರೆತಿದ್ದನು. ಅವನ ತಟ್ಟೆಯಲ್ಲಿ ಮುಕ್ಕಾಲು ಪಾಲು ಹಾಗೆಯೇ ಇತ್ತು. ಕರ್ನಲ್ಲರ ಊಟ ಎಂದೋ ಮುಗಿದಿತ್ತು. ಆದರೆ ಅವರು ಒಂದು ತುತ್ತನ್ನು ತಟ್ಟೆಯ ಅಂಚಿನಲ್ಲಿ ಉಳಿಸಿಕೊಂಡು, ಚಮಚವನ್ನು ಕೈಯಲ್ಲಿಯೇ ಹಿಡಿದು, ಪಕ್ಕದವರೊಡನೆ ಏನನ್ನೋ ಮಾತನಾಡುತ್ತ ಕುಳಿತಿದ್ದರು. ಹುಡುಗನ ತಟ್ಟೆ ಬರಿದಾಯಿತು. ಆಗ ಆ ತುತ್ತನ್ನು ಬಾಯಿಗಿಟ್ಟು ಚಮಚವನ್ನು ಕೆಳಗಿಟ್ಟರು. ಹುಡುಗನಿಗೆ ಇದೊಂದೂ ತಿಳಿಯದು. ಆ ರಾತ್ರಿಯ ಭಾಷಣಗಳಲ್ಲಿ ಹೇಳಿದ ಹೊಗಳಿಕೆಗಳನ್ನೆಲ್ಲ ನಾವು ಮರೆತಿರುವೆವು. ಈ ಒಂದು ತುತ್ತನ್ನು ಮರೆತಿಲ್ಲ.

ಕರ್ನಲ್ಲರ ಉತ್ತರವಾದರೋ ಐದು ನಿಮಿಷವೂ ಇರಲಿಲ್ಲ. ಅಡುಗೆಯವರಿಗೂ ಬಡಿಸಿದವರಿಗೂ ಹೆಸರು ಹಿಡಿದು ವಂದನೆ ಹೇಳಿದರು. ನಾಳೆಯಿಂದ ಬೆಳಗಿನ ಐದು ಗಂಟೆಗೆ ಎಚ್ಚರವಾದರೆ ಏನು ಮಾಡುವುದೆಂದು ತಿಳಿಯದೆಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಹೊರಗೆ ಹೂವಿನಿಂದ ಸಿಂಗರಿಸಿದ ಜೀಪು ನಿಂತಿತ್ತು. ಅದರ ಯಂತ್ರವನ್ನು ನಡೆಸದೆ, ಹಗ್ಗ ಕಟ್ಟಿ, ಅಧಿಕಾರಿಗಳೇ ತೇರನ್ನೆಳೆಯುವಂತೆ ಬಾಗಿಲಿನವರೆಗೆ ಎಳೆದುಕೊಂಡು ಹೋದರು. ಇದು ಸೈನ್ಯದ ವಾಡಿಕೆ. ಸುಬೇದಾರ್ ಮೇಜರನು ನಿವೃತ್ತನಾಗುವಾಗಲೂ ಹೀಗೆಯೇ ಮಾಡುವುದುಂಟು. ಎಳೆಯುವವರಲ್ಲಿ ಆತನು ಜೀವಮಾನವಿಡೀ ಎದ್ದು ನಿಂತು ವಂದಿಸಿದ ಅಧಿಕಾರಿಗಳೇ ಇರುವರು.

ಹೊರಡುವವನು ಒಬ್ಬ, ಉಳಿಯುವವರು ಹಲವರು: ಇದು ಇಂತಹ ಊಟದ ಸಾಮಾನ್ಯ ಲೆಕ್ಕ. ಈ ಲೆಕ್ಕವು ತಪ್ಪಿದ ರಾತ್ರಿಯೊಂದುಂಟು. 1947ರ ಆಗಸ್ಟ್ 6ರಂದು ದೆಹಲಿಯ ಇಂಪೀರಿಯಲ್ ಜಿಮ್‌ಖಾನಾ ಕ್ಲಬ್ಬಿನಲ್ಲಿ ಒಂದು ಬೀಳ್ಕೊಡುಗೆ ನಡೆಯಿತು. ಅದು ಮೆಸ್ಸಲ್ಲ, ಕ್ಲಬ್ಬು. ಆದರೂ ನಡೆದುದು ಮೆಸ್ಸಿನ ಕೆಲಸವೇ. ದೇಶ ಇಬ್ಭಾಗವಾಗುತ್ತಿತ್ತು, ಅದರೊಡನೆ ಸೈನ್ಯವೂ ಸುಮಾರಾಗಿ ಎರಡು ಪಾಲು ಭಾರತಕ್ಕೂ ಒಂದು ಪಾಲು ಪಾಕಿಸ್ತಾನಕ್ಕೂ ಹಂಚಿಹೋಗುತ್ತಿತ್ತು. ಪಾಕಿಸ್ತಾನಕ್ಕೆ ಸೇರುವ ಪ್ರಾಂತಗಳ ಮುಸಲ್ಮಾನನು ಭಾರತದ ಸೈನ್ಯವನ್ನು ಆಯ್ದುಕೊಳ್ಳುವಂತಿರಲಿಲ್ಲ. ಭಾರತದ ಭಾಗದ ಮುಸಲ್ಮಾನೇತರನು ಪಾಕಿಸ್ತಾನದ ಸೈನ್ಯವನ್ನು ಆಯ್ದುಕೊಳ್ಳುವಂತಿರಲಿಲ್ಲ. ಉಳಿದವರು ತಾವೇ ನಿರ್ಧರಿಸಬೇಕಾಗಿತ್ತು. ಬರ್ಮದ ಕಾಡುಗಳಲ್ಲಿಯೂ ಇಟಲಿಯ ಬೆಟ್ಟಗಳಲ್ಲಿಯೂ ಒಂದೇ ಪಡೆಯಲ್ಲಿ ಕಾದಿದ್ದವರು ಒಂದು ಕಾಗದದ ಮೇಲೆ ಗುರುತು ಹಾಕಿ ಬೇರೆಯಾದರು.

ಆ ರಾತ್ರಿ ಉಳಿಯುವವರ ಪರವಾಗಿ ಮಾತನಾಡಿದವರು ನಮ್ಮ ಕೊಡಗಿನ ಕೆ. ಎಂ. ಕಾರಿಯಪ್ಪನವರು. ಹೊರಡುವವರಲ್ಲಿ ಹಿರಿಯರಾದ ಬ್ರಿಗೇಡಿಯರ್ ಆಗಾ ರಝಾ ಅವರ ಕೈಗೆ ಅವರು ಒಂದು ಬೆಳ್ಳಿಯ ವಿಗ್ರಹವನ್ನಿತ್ತರು. ಒಬ್ಬ ಹಿಂದೂ ಸಿಪಾಯಿ, ಒಬ್ಬ ಮುಸಲ್ಮಾನ ಸಿಪಾಯಿ, ಪಕ್ಕಪಕ್ಕದಲ್ಲಿ ನಿಂತು ಇಬ್ಬರಿಗೂ ಶತ್ರುವಾದವನೊಬ್ಬನ ಕಡೆಗೆ ಬಂದೂಕು ಹಿಡಿದಿರುವ ವಿಗ್ರಹವದು. ಇದು ಅಗಲಿಕೆಯಲ್ಲ, ಮತ್ತೆ ಕಾಣುವೆವೆಂಬ ಭಾವದಲ್ಲಿ ಕಾರಿಯಪ್ಪನವರು ಮಾತನಾಡಿದರು. ಕೈ ಕೈ ಹಿಡಿದು ಹಾಡಿದರು, ಅಪ್ಪಿಕೊಂಡರು, ಪರಸ್ಪರ ಬೇಟೆಗೂ ಪೋಲೋ ಆಟಕ್ಕೂ ಕರೆದುಕೊಂಡರು. ಇವರು ಸುಳ್ಳಾಡುತ್ತಿದ್ದರೆಂದು ನಮಗೆ ತೋರುವುದಿಲ್ಲ. ಮುಂದೇನು ಕಾದಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಮತ್ತೆ ಕಂಡರು, ನಿಜ. ಅಕ್ಟೋಬರ್ 27ರಂದು ಭಾರತದ ಪಡೆಗಳು ವಿಮಾನದಲ್ಲಿ ಶ್ರೀನಗರಕ್ಕೆ ಇಳಿದುವು. ಆ ಔತಣದ ರಾತ್ರಿಗೆ ಮೂರು ತಿಂಗಳು ತುಂಬಿರಲಿಲ್ಲ. 1948ರಲ್ಲಿ ಕಾಶ್ಮೀರದ ಯುದ್ಧವನ್ನು ನಡೆಸುವ ಹೊಣೆ ಕಾರಿಯಪ್ಪನವರ ಮೇಲೆಯೇ ಬಿದ್ದಿತು. ಭೂಪಟದ ಆಚೆಯ ಬದಿಯಲ್ಲಿದ್ದ ಸೇನಾಧಿಕಾರಿಗಳಲ್ಲಿ ಎಷ್ಟೋ ಮಂದಿಯ ಸ್ವಭಾವವೂ, ಯಾರು ಅವಸರಗಾರರು ಯಾರು ತಾಳ್ಮೆಯವರೆಂಬುದೂ, ಮೆಸ್ಸಿನ ಮೇಜಿನಿಂದಲೇ ಅವರಿಗೆ ತಿಳಿದಿದ್ದಿರಬೇಕು. 1949ರ ಜನವರಿ 15ರಂದು ಅವರು ನಮ್ಮ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. 1953ರ ಜನವರಿಯಲ್ಲಿ ನಿವೃತ್ತರಾದರು. ಹೊರಡುವ ಮುನ್ನ ತಾವು ಬೆಳೆದ ರಜಪೂತ್ ರೆಜಿಮೆಂಟಿನ ಕೇಂದ್ರವಾದ ಫತೇಗಢಕ್ಕೆ ಹೋಗಿ ಬಂದರು. ತವರಿಗೆ ಹೋಗಿ ಬರದೆ ಯಾರು ತಾನೆ ದೊಡ್ಡ ಪ್ರಯಾಣಕ್ಕೆ ಹೊರಡುವರು?

ಹನ್ನೆರಡು ವರುಷಗಳ ತರುವಾಯ, 1965ರ ಸೆಪ್ಟೆಂಬರಿನಲ್ಲಿ, ಮತ್ತೆ ಯುದ್ಧ. ಕಾರಿಯಪ್ಪನವರು ಆಗ ಮಡಿಕೇರಿಯ ತಮ್ಮ ಮನೆಯಲ್ಲಿದ್ದರು. ವಾಯುಸೇನೆಯಲ್ಲಿದ್ದ ಅವರ ಮಗನ ವಿಮಾನವನ್ನು ಆಚೆಯವರು ಹೊಡೆದುರುಳಿಸಿದರು, ಮಗ ಸೆರೆಸಿಕ್ಕಿದನು. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಹಿಂದೆ ಬನ್ನು ಗಡಿನಾಡಿನ ಬ್ರಿಗೇಡಿನಲ್ಲಿ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಅವರು ಹಳೆಯ ಹಿರಿಯರಿಗೆ ಸುದ್ದಿ ಕಳುಹಿಸಿ, ಮಗನನ್ನು ಬಿಟ್ಟುಕೊಡಲು ಸಿದ್ಧರೆಂದರು. ಸೆರೆಯಲ್ಲಿರುವ ಸೈನಿಕರೆಲ್ಲರೂ ತಮಗೆ ಮಕ್ಕಳೇ; ಬಿಡುವುದಾದರೆ ಎಲ್ಲರನ್ನೂ ಬಿಡಬೇಕು, ಇಲ್ಲವಾದರೆ ಇವನೊಬ್ಬನಿಗೆ ವಿಶೇಷ ಮರ್ಯಾದೆ ಬೇಡ ಎಂಬುದು ಕಾರಿಯಪ್ಪನವರಿತ್ತ ಉತ್ತರದ ಸಾರ. ಮೂವತ್ತು ವರುಷಕ್ಕೂ ಹೆಚ್ಚು ಕಾಲ ಹಿರಿಯ ಕಿರಿಯರೊಡನೆ ಒಂದೇ ಮೇಜಿನಲ್ಲಿ ಕುಳಿತೆದ್ದವರಿಗೆ ಬೇರೆ ಉತ್ತರ ಹೊಳೆಯುತ್ತಿರಲಿಲ್ಲವೇನೋ. ತಂದೆಯ ಹೃದಯಕ್ಕೆ ಅದರ ಬೆಲೆ ಎಷ್ಟಾಗಿತ್ತೆಂಬುದನ್ನು ನಾವು ಅಳೆಯಲಾರೆವು.

ಆ ಮಗನು ಉಳಿದವರಂತೆಯೇ ಸೆರೆಯಲ್ಲಿದ್ದು, ಯುದ್ಧ ನಿಂತ ಬಳಿಕ ಬಿಡುಗಡೆಯಾಗಿ ಬಂದನು. ಮುಂದೆ ಏರ್ ಮಾರ್ಷಲ್ ಪದವಿಗೇರಿದನು. ತಾನು ಸೆರೆಯಲ್ಲಿದ್ದಾಗ ಒಂದು ದಿನ ಅಯೂಬ್ ಖಾನರ ಪತ್ನಿಯೂ ಹಿರಿಯ ಮಗನೂ ನೋಡಲು ಬಂದರೆಂದೂ, ಬರುವಾಗ ಸಿಗರೇಟಿನ ಕಟ್ಟೊಂದನ್ನೂ ವುಡ್‌ಹೌಸ್ ಬರೆದ ಕಾದಂಬರಿಯೊಂದನ್ನೂ ತಂದಿದ್ದರೆಂದೂ ಆತನೇ ಹೇಳಿರುವನು.