ಘರ್ಷಣೆಯ ಮರೆಯಲ್ಲಿದ್ದ ನಿಯಮ

ಮನೆಯಲ್ಲಿ ಬೀರುವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜರುಗಿಸುವುದನ್ನು ನೆನಪಿಸಿಕೊಳ್ಳಿ. ಮೊದಲು ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಭುಜ ಕೊಟ್ಟು ನೂಕಿದರೆ ಒಮ್ಮೆ ಕದಲಿ, ಆಮೇಲೆ ತುಸು ಕಡಿಮೆ ಬಲಕ್ಕೇ ಸರಿಯುತ್ತದೆ. ಕೈ ತೆಗೆದರೆ ನಿಲ್ಲುತ್ತದೆ. ಇದನ್ನು ಕಂಡವರಿಗೆ, ಬಲ ಇರುವಷ್ಟು ಹೊತ್ತು ಮಾತ್ರ ಚಲನೆ ಅನ್ನಿಸುವುದು ಸಹಜ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವನನ್ನು ಹಗುರವಾಗಿ ಕಾಣುವುದು ಅನ್ಯಾಯ. ಘರ್ಷಣೆಯಿಲ್ಲದ ನೆಲವನ್ನು ಅವನು ಎಲ್ಲಿ ನೋಡಿಯಾನು?

6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್, 14ನೇ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್ ಈ ಮಾತನ್ನು ಪ್ರಶ್ನಿಸಿದರು. ಆದರೆ ದಾರಿ ತೆರೆದವನು ಗೆಲಿಲಿಯೋ. 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನು ತನ್ನ ಪ್ರಯೋಗವನ್ನು ವಿವರಿಸಿದ್ದಾನೆ: ಉದ್ದನೆಯ ಮರದ ತೊಲೆ, ಅದರಲ್ಲಿ ನೇರವಾಗಿ ಕೊರೆದ ತೋಡು, ತೋಡಿಗೆ ಅಂಟಿಸಿದ ನುಣುಪಾದ ಚರ್ಮಪತ್ರ, ಉರುಳಲು ಉಜ್ಜಿ ಹೊಳಪಿಸಿದ ಕಂಚಿನ ಗುಂಡು. ಅಷ್ಟೊಂದು ನುಣುಪು ಯಾಕೆ? ಘರ್ಷಣೆಯನ್ನು ಆದಷ್ಟೂ ತಗ್ಗಿಸಲಿಕ್ಕೆ. ತಗ್ಗಿಸುತ್ತಾ ಹೋದರೆ ಕೊನೆಗೆ ಏನಾದೀತು ಎಂದು ಯೋಚಿಸುವ ಧೈರ್ಯ ಅವನಿಗಿತ್ತು. ಅಡ್ಡಿಯೇ ಇಲ್ಲದ ಸಮತಟ್ಟಿನ ಮೇಲೆ ಗುಂಡು ಅದೇ ವೇಗದಲ್ಲಿ ಸಾಗುತ್ತಲೇ ಇರುತ್ತದೆ ಎಂದ.

ನ್ಯೂಟನ್ 1687ರಲ್ಲಿ ಇದನ್ನು ಚಲನೆಯ ಮೊದಲ ನಿಯಮವಾಗಿಸಿದ. ಈಗ ಬೀರುವಿನ ಲೆಕ್ಕ ನೋಡಿ. ಜರುಗುತ್ತಿರುವ ಬೀರುವನ್ನು ನೆಲದ ಘರ್ಷಣೆ 200 ನ್ಯೂಟನ್ ಬಲದಿಂದ ತಡೆಯುತ್ತಿದೆ ಎನ್ನೋಣ. ನೀವು ಸರಿಯಾಗಿ 200 ನ್ಯೂಟನ್ ಬಲದಿಂದ ತಳ್ಳಿದರೆ ಎರಡೂ ಪರಸ್ಪರ ಸರಿದೂಗಿ ಒಟ್ಟು ಬಲ ಸೊನ್ನೆ. ಬೀರು ನಿಲ್ಲುವುದಿಲ್ಲ, ಒಂದೇ ವೇಗದಲ್ಲಿ ಸರಿಯುತ್ತದೆ. 250 ಹಾಕಿದರೆ ಮಾತ್ರ ಮಿಕ್ಕ 50 ನ್ಯೂಟನ್ ಅದರ ವೇಗವನ್ನು ಏರಿಸುತ್ತದೆ. ಕೈ ತೆಗೆದಾಗ ಬೀರು ನಿಲ್ಲುವುದು ಬಲ ಇಲ್ಲವಾದ್ದರಿಂದಲ್ಲ, ಘರ್ಷಣೆಯೊಂದೇ ಉಳಿದದ್ದರಿಂದ.

ಇನ್ನು ಘರ್ಷಣೆಯ ಕಥೆ. ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿ, ತಗಲುವ ಮೈಯ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಲಿಯೊನಾರ್ಡೊ ಡ ವಿಂಚಿ ಕಂಡುಕೊಂಡಿದ್ದ. ಆದರೆ ಅದು ಅವನ ಟಿಪ್ಪಣಿ ಪುಸ್ತಕಗಳಲ್ಲೇ ಉಳಿಯಿತು. 1699ರಲ್ಲಿ ಫ್ರಾನ್ಸಿನ ಅಮೊಂಟನ್ಸ್ ಅದನ್ನು ಮತ್ತೆ ಕಂಡುಹಿಡಿದ. ಮುಂದೆ ಸೇನೆಯ ಎಂಜಿನಿಯರ್ ಕುಲಾಂ, ರೋಶ್‌ಫೋರ್ ಊರಿನ ಹಡಗುಕಟ್ಟೆಯಲ್ಲಿ ಓಕ್ ಹಲಗೆಗಳನ್ನು ಒಂದರ ಮೇಲೊಂದು ಎಳೆದು ಅಳೆದ. ಮರದ ಮೇಲೆ ಮರ ಸುಮ್ಮನೆ ಹೆಚ್ಚು ಹೊತ್ತು ಕೂತಷ್ಟೂ ಅದನ್ನು ಮೊದಲು ಕದಲಿಸಲು ಬೇಕಾದ ಬಲ ಹೆಚ್ಚುತ್ತದೆ ಎಂಬುದನ್ನು ಗಮನಿಸಿದ.

ಅಗಲ ಯಾಕೆ ಲೆಕ್ಕಕ್ಕೆ ಬರುವುದಿಲ್ಲ ಎಂಬ ಒಗಟು ಮಾತ್ರ 20ನೇ ಶತಮಾನದವರೆಗೆ ಕಾಯಿತು. ಕೇಂಬ್ರಿಡ್ಜಿನ ಬೌಡನ್ ಮತ್ತು ಟೇಬರ್ ತಾಗಿಕೊಂಡ ಲೋಹಗಳ ಮೂಲಕ ವಿದ್ಯುತ್ ಹರಿಸಿ, ನಿಜವಾಗಿ ತಾಗುವ ಜಾಗ ಎಷ್ಟೆಂದು ನೋಡಿದರು. ಎಷ್ಟೇ ನುಣುಪಾದ ಮೈಯಾದರೂ ನಿಜವಾಗಿ ತಾಗುವುದು ಸಣ್ಣ ಸಣ್ಣ ಉಬ್ಬುಗಳ ತುದಿಗಳು ಮಾತ್ರ. ಭಾರ ಹೆಚ್ಚಿದರೆ ಆ ತುದಿಗಳು ಚಪ್ಪಟೆಯಾಗಿ, ನಿಜವಾಗಿ ತಾಗುವ ಜಾಗ ಹೆಚ್ಚುತ್ತದೆ; ಘರ್ಷಣೆ ಏರುವುದು ಅದರ ಜೊತೆಗೆ.