ತಲಕಾವೇರಿಗೆ ಸೈಕಲ್, ಚೀಲಕ್ಕೆ ಬಟ್ಟೆ

ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯ ಮೂಲ ಹುಡುಕಿಕೊಂಡು ಬಾಬುರಾಯನಕೊಪ್ಪಲಿನಿಂದ ಸೈಕಲ್ ತುಳಿಯುವುದಕ್ಕಿಂತ ಒಳ್ಳೆಯ ಬೇಸಿಗೆ ಸವಾರಿ ನನಗೆ ಗೊತ್ತಿಲ್ಲ. ಮೈಸೂರು, ಹುಣಸೂರು, ಕುಶಾಲನಗರ, ಮಡಿಕೇರಿ, ಭಾಗಮಂಡಲ, ಕೊನೆಗೆ ತಲಕಾವೇರಿ. ಈ ದಾರಿಗೆ ಯಾವ ಬಟ್ಟೆ ಕಟ್ಟಿಕೊಳ್ಳಬೇಕು ಎನ್ನುವುದೇ ಇವತ್ತಿನ ಮಾತು.

ಶ್ರೀರಂಗಪಟ್ಟಣ ಸಮುದ್ರಮಟ್ಟಕ್ಕಿಂತ ಸುಮಾರು 680 ಮೀಟರ್ ಎತ್ತರದಲ್ಲಿದೆ, ತಲಕಾವೇರಿ 1,276 ಮೀಟರ್. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಂಪು. ಆ ಲೆಕ್ಕದಲ್ಲಿ ನಮಗೆ ಸಿಗುವುದು ನಾಲ್ಕು ಡಿಗ್ರಿ ಅಷ್ಟೆ. ಅದಕ್ಕೆ ಯಾರೂ ನಡುಗುವುದಿಲ್ಲ. ನಡುಗಿಸುವುದು ಬೆವರು. ಭಾಗಮಂಡಲದಿಂದ ಮೇಲಕ್ಕೆ ಎಂಟು ಕಿಲೋಮೀಟರ್ ಏರುವಾಗ ಸೈಕಲ್ ಓಡುವುದು ನಡಿಗೆಗಿಂತ ಒಂಚೂರು ಜೋರಾಗಿ, ಬೆನ್ನೆಲ್ಲ ತೊಯ್ದು ತೊಪ್ಪೆ. ಇಳಿಯುವಾಗ ಅದೇ ಒದ್ದೆ ಮೈಗೆ ಗಾಳಿ ರಪರಪನೆ ಬಡಿಯುತ್ತದೆ. ಪೆಡಲ್ ತುಳಿಯುವ ಕೆಲಸವೂ ಇಲ್ಲ, ಮೈಯಲ್ಲಿ ಕಾವು ಹುಟ್ಟುವುದೂ ಇಲ್ಲ. ಕಾಫಿ ತೋಟಗಳು ಕಾಯುವ ಹೂಮಳೆ ಅದೇ ಹೊತ್ತಿಗೆ ಹಿಡಿದರೆ ಬೆರಳು ಮರಗಟ್ಟುತ್ತದೆ, ಬ್ರೇಕ್ ಹಿಡಿಯುವುದೇ ಕಷ್ಟ.

ಆದ್ದರಿಂದ ಹತ್ತಿ ಬನಿಯನ್ ಬೇಡ. ಊರಿನ ಸೆಕೆಗೆ ಅದರಷ್ಟು ಸುಖ ಬೇರೆ ಇಲ್ಲ, ನಿಜ. ಬೆಟ್ಟದಲ್ಲಿ ಮಾತ್ರ ಅದು ಬೆವರು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ. ತೆಳುವಾದ ಪಾಲಿಯೆಸ್ಟರ್ ಜೆರ್ಸಿ ಬೇಗ ಒಣಗುತ್ತದೆ. ನನ್ನ ಮನಸ್ಸು ಒಪ್ಪಿರುವುದು ತೆಳು ಉಣ್ಣೆಯನ್ನು. ನಾಗಮಂಗಲ, ಕೆ.ಆರ್. ಪೇಟೆ ಕಡೆ ಕುರಿ ಕಾಯುವವರ ಹೆಗಲ ಮೇಲಿನ ಕಂಬಳಿ ನೋಡಿ. ಮಳೆ ಬಂದರೆ ಅದೇ ಕೊಪ್ಪೆ. ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ. 1919ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಮೊದಲ ಸಲ ಕೊಟ್ಟ ಹಳದಿ ಜೆರ್ಸಿಯೂ ಉಣ್ಣೆಯದೇ. ಆ ಪಂದ್ಯದ ಸವಾರರು ಬೆಟ್ಟದ ತುದಿಯಲ್ಲಿ ಜನ ಕೊಟ್ಟ ದಿನಪತ್ರಿಕೆಯನ್ನು ಜೆರ್ಸಿಯೊಳಗೆ, ಎದೆಗೆ ಒತ್ತಿ ಸಿಕ್ಕಿಸಿಕೊಂಡು ಇಳಿಯುತ್ತಿದ್ದರು. ಎಂಥ ಜಾಣತನ! ಗಾಳಿ ತಡೆಯುವ ತೆಳು ಜಾಕೆಟ್ ಇದ್ದರೆ ಸರಿ, ಇಲ್ಲದಿದ್ದರೆ ಭಾಗಮಂಡಲ ಬಿಡುವ ಮುಂಚೆ ಒಂದು ಪೇಪರ್ ಕೊಂಡುಕೊಳ್ಳಿ. ಯಾವುದೇ ಆಗಲಿ, ಹಾಕಿಕೊಳ್ಳಬೇಕಾದ್ದು ಬೆಟ್ಟದ ತುದಿಯಲ್ಲೇ, ಮೈ ಬಿಸಿ ಆರುವ ಮುಂಚೆ.

ತೋಳಿಗೆ ಏರಿಸುವ ಸ್ಲೀವ್ಸ್ ಕುಶಾಲನಗರದವರೆಗೆ ಬಿಸಿಲಿಗೆ, ಆಮೇಲೆ ಚಳಿಗೆ. ಏರಿನಲ್ಲಿ ಮಣಿಕಟ್ಟಿಗೆ ಜಾರಿಸಿದರಾಯಿತು. ಕೈಗವಸು ಬೇಕೇ ಬೇಕು.

ಪ್ಯಾಡ್ ಇರುವ ಚಡ್ಡಿ ಎರಡು ಸಾಕು. ಅದರೊಳಗೆ ಒಳಉಡುಪು ಹಾಕಬೇಡಿ, ಹೊಲಿಗೆ ಉಜ್ಜಿ ತೊಡೆಸಂದು ಕಿತ್ತುಬರುತ್ತದೆ. ರಾತ್ರಿ ಒಂದನ್ನು ಒಗೆದು ಹಿಂಡಿ, ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಕಾಲಲ್ಲಿ ತುಳಿಯಿರಿ. ನೀರೆಲ್ಲ ಟವೆಲ್ಲಿಗೆ ಇಳಿದು, ಗಾಳಿಗೆ ಹರವಿದರೆ ಬೆಳಗಿನ ಹೊತ್ತಿಗೆ ಒಣಗಿರುತ್ತದೆ.

ಇನ್ನೊಂದು, ತೆಳುವಾದ ಪಂಚೆ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮಿಂದು ಮೈ ಒರೆಸಲು, ಮರೆಯಲ್ಲಿ ಬಟ್ಟೆ ಬದಲಿಸಲು, ದೇವಸ್ಥಾನಕ್ಕೆ ಉಟ್ಟು ಹೋಗಲು, ರಾತ್ರಿ ಹೊದೆಯಲು, ಎಲ್ಲಕ್ಕೂ ಅದೊಂದೇ ಆಗುತ್ತದೆ.